ಹಾರ್ಡ್‌ವೇರ್ ಇಲ್ಲದೆ ಶುರು ಮಾಡಿದವರು

ಸಿಮ್‌ಎಚ್ ಅನ್ನೋ ಉಚಿತ ಎಮ್ಯುಲೇಟರ್ ಹಾಕಿಕೊಂಡರೆ ನಮ್ಮ ಲ್ಯಾಪ್‌ಟಾಪ್‌ನಲ್ಲೇ 1970ರ ದಶಕದ ಸಿಪಿ/ಎಂ ಆಪರೇಟಿಂಗ್ ಸಿಸ್ಟಂ ಬೂಟ್ ಆಗುತ್ತೆ. ಅದನ್ನು ಬರೆದವರು ಗ್ಯಾರಿ ಕಿಲ್ಡಾಲ್. ಬಿಲ್ ಗೇಟ್ಸ್ ಎದುರು ಸೋತವರು ಅಂತ ಮಾತ್ರ ಇವರನ್ನು ನೆನಪಿಡೋದು ಅನ್ಯಾಯ.

ಕಿಲ್ಡಾಲ್ ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಹಡಗು ನಡೆಸೋರಿಗೆ ಪಾಠ ಹೇಳುವ ಶಾಲೆ ಅವರ ಮನೆಯವರದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದಿ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಕಾಲೇಜಿನಲ್ಲಿ ಮೇಷ್ಟ್ರಾದರು.

1971ರಲ್ಲಿ ಇಂಟೆಲ್ 4004 ಚಿಪ್ ಬಂತು. ಚಿಪ್ ಅಗ್ಗ, ಆದರೆ ಅದರ ಸುತ್ತ ಪೂರ್ತಿ ಕಂಪ್ಯೂಟರ್ ಕಟ್ಟೋದು ದುಬಾರಿ. ಕಿಲ್ಡಾಲ್ ದುಡ್ಡಿಗೆ ಕಾಯುತ್ತಾ ಕೂರಲಿಲ್ಲ. ಕಾಲೇಜಿನ ದೊಡ್ಡ ಕಂಪ್ಯೂಟರ್‌ನಲ್ಲಿ ಆ ಚಿಪ್‌ನ ಥರಾನೇ ನಡೆಯುವ ಸಿಮ್ಯುಲೇಟರ್ ಬರೆದು, ತಮ್ಮ ಪ್ರೋಗ್ರಾಂಗಳನ್ನು ಅದರಲ್ಲೇ ಓಡಿಸಿ ನೋಡಿದರು. ಆಮೇಲೆ ಇಂಟೆಲ್‌ಗೆ ಸಲಹೆಗಾರರಾಗಿ ಪಿಎಲ್/ಎಂ ಅನ್ನೋ ಭಾಷೆಯನ್ನೂ ಮಾಡಿಕೊಟ್ಟರು.

1974ರಲ್ಲಿ ಬಂದ ಸಿಪಿ/ಎಂ ಬರೆದದ್ದು ಅದೇ ಭಾಷೆಯಲ್ಲಿ. ಕಿಲ್ಡಾಲ್ ಹತ್ತಿರ ಫ್ಲಾಪಿ ಡ್ರೈವ್ ಇತ್ತು, ಅದನ್ನು ಜೋಡಿಸೋಕೆ ಕಂಟ್ರೋಲರ್ ಇರಲಿಲ್ಲ. ಗೆಳೆಯ ಜಾನ್ ಟೊರೋಡ್ ಅದನ್ನು ಕಟ್ಟಿಕೊಟ್ಟರು. ಹೆಂಡತಿ ಡೊರೊಥಿ ಜೊತೆ ಸೇರಿ ಡಿಜಿಟಲ್ ರಿಸರ್ಚ್ ಕಂಪನಿ ಶುರು ಮಾಡಿದರು.

ಆಗ ಒಂದೊಂದು ಕಂಪನಿಯ ಯಂತ್ರ ಒಂದೊಂದು ಥರ. ಪ್ರತಿಯೊಂದಕ್ಕೂ ಸಿಸ್ಟಂ ಪೂರ್ತಿ ತಿದ್ದೋದು ಯಾರಿಗೆ ಬೇಕು? ಕೀಬೋರ್ಡ್, ಪರದೆ, ಡಿಸ್ಕ್ ಜೊತೆ ನೇರವಾಗಿ ವ್ಯವಹರಿಸುವ ಕೋಡನ್ನೆಲ್ಲ ಕಿಲ್ಡಾಲ್ ಬೇರೆ ಮಾಡಿ, ಅದಕ್ಕೆ ಬಯಾಸ್ ಅಂತ ಹೆಸರಿಟ್ಟರು. ಹೊಸ ಯಂತ್ರ ಬಂದರೆ ಆ ಚಿಕ್ಕ ಭಾಗ ಮಾತ್ರ ಬದಲಾಯಿಸಿದರೆ ಸಾಕು.

1980ರಲ್ಲಿ ಐಬಿಎಂ ತನ್ನ ಪಿಸಿಗಾಗಿ ಇವರ ಬಾಗಿಲು ತಟ್ಟಿತು. ಮಾತುಕತೆ ಕುದುರಲಿಲ್ಲ. ಸಿಪಿ/ಎಂ ಮಾದರಿಯಲ್ಲೇ ಟಿಮ್ ಪ್ಯಾಟರ್ಸನ್ ಬರೆದಿದ್ದ ಸಿಸ್ಟಂ ಅನ್ನು ಮೈಕ್ರೋಸಾಫ್ಟ್ ಕೊಂಡು ಐಬಿಎಂಗೆ ಕೊಟ್ಟಿತು. ಕಿಲ್ಡಾಲ್ ತಕರಾರು ತೆಗೆದ ಮೇಲೆ ಐಬಿಎಂ ಎರಡನ್ನೂ ಮಾರಿತು, ಆದರೆ ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್! ಜನ ಯಾವುದು ಕೊಂಡರು ಅಂತ ಹೇಳಬೇಕಾಗಿಲ್ಲ.

1991ರಲ್ಲಿ ಕಂಪನಿ ನೋವೆಲ್ ಪಾಲಾಯಿತು. 1994ರಲ್ಲಿ, 52ನೇ ವಯಸ್ಸಿಗೆ, ಕಿಲ್ಡಾಲ್ ತೀರಿಕೊಂಡರು.

ಅವರ ಕೆಲಸ ಮಾತ್ರ ನಿಂತಿಲ್ಲ. ವಿಂಡೋಸ್‌ನ ಸಿ ಡ್ರೈವ್ ಇದೆಯಲ್ಲ, ಡ್ರೈವ್‌ಗೆ ಅಕ್ಷರ ಇಡೋ ಆ ಪದ್ಧತಿ ಡಾಸ್‌ಗೆ ಬಂದದ್ದೇ ಸಿಪಿ/ಎಂನಿಂದ. 2022ರಲ್ಲಿ ಹಕ್ಕುದಾರರು ಸಿಪಿ/ಎಂ ಅನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು ಅಂತ ಸ್ಪಷ್ಟಪಡಿಸಿದರು. ರನ್‌ಸಿಪಿಎಂ ಅನ್ನೋ ಎಮ್ಯುಲೇಟರ್ ಇದ್ದರೆ, ನಾವು ಪ್ರಾಜೆಕ್ಟ್‌ಗೆ ಬಳಸೋ ಇಎಸ್‌ಪಿ32 ಬೋರ್ಡ್ ಮೇಲೂ ಅದು ಓಡುತ್ತೆ. ಅದಕ್ಕೆ ಬೇಕಾದ್ದು ಹೆಚ್ಚೆಂದರೆ 64 ಕೆಬಿ ಮೆಮೊರಿ. ಕಿಲ್ಡಾಲ್ ನೋಡೇ ಇರದ ಈ ಹಾರ್ಡ್‌ವೇರ್ ಮೇಲೂ ಅದು ಓಡೋದು ಎಮ್ಯುಲೇಟರ್ ಹಳೆಯ ಚಿಪ್‌ನ ಥರಾನೇ ನಡೆಯೋದರಿಂದ.

8085 ಅಸೆಂಬ್ಲಿ ಬರೆದವರಿಗಂತೂ ಸಿಪಿ/ಎಂ ಕೋಡ್ ಓದೋದು ಕಷ್ಟವಲ್ಲ. ಒಮ್ಮೆ ಬೂಟ್ ಮಾಡಿ, ಡಿಐಆರ್ ಅಂತ ಟೈಪ್ ಮಾಡಿ ನೋಡಿ.