ಎರಡಾಣೆಯ ಹಿಂದಿನ ನಂಬಿಕೆ

ನನ್ನ ಬಾಲ್ಯದಲ್ಲಿ ಕಾಪುವಿನ ನಮ್ಮ ಮನೆಯ ಜಗಲಿಗೆ ಪ್ರತಿ ಸಂಜೆ ಪಿಗ್ಮಿ ಸಂಗ್ರಾಹಕರೊಬ್ಬರು ಬರುತ್ತಿದ್ದರು. ಅಮ್ಮ ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಕೊಡುತ್ತಿದ್ದರು. ಆತ ಅದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಕುಶಲ ವಿಚಾರಿಸಿ ಮುಂದಿನ ಮನೆಗೆ ಹೋಗುತ್ತಿದ್ದರು. ಅವರು ನಮ್ಮ ಬಂಧುವಲ್ಲ, ಜಾತಿಯವರೂ ಅಲ್ಲ. ಅಮ್ಮ ಅವರನ್ನು ನಂಬಿದ್ದೇಕೆ ಎಂಬ ಪ್ರಶ್ನೆಗೆ ನಾನು ಓದಿದ ಅರ್ಥಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಅಲ್ಲಿದ್ದ ಮನುಷ್ಯ ಸ್ವಹಿತವೊಂದನ್ನೇ ಲೆಕ್ಕ ಹಾಕುವವನು.

ಆ ಪಿಗ್ಮಿ ಯೋಜನೆಯ ಹಿಂದಿದ್ದವರು ಡಾ. ತೋನ್ಸೆ ಮಾಧವ ಅನಂತ ಪೈ. 1898ರಲ್ಲಿ ಕಲ್ಯಾಣಪುರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಶಾಸ್ತ್ರ ಕಲಿತು ಉಡುಪಿಗೆ ಮರಳಿದ ಅವರು ಕೈಮಗ್ಗದ ನೇಕಾರರ ಸಂಕಷ್ಟವನ್ನು ಕಣ್ಣಾರೆ ಕಂಡರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡನೆ 8,000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕ್ ಆರಂಭಿಸಿದರು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆಯಿದ್ದರೂ ಸಾಕು, ಬ್ಯಾಂಕೇ ಮನೆಬಾಗಿಲಿಗೆ ಬರುತ್ತಿತ್ತು.

ಇದರ ಮರ್ಮವನ್ನು ಜೀವವಿಜ್ಞಾನ ವಿವರಿಸಿದ್ದು ಬಹಳ ತಡವಾಗಿ. ಜೀವಿಗಳು ತಮ್ಮ ರಕ್ತಸಂಬಂಧಿಗಳಿಗೆ ಏಕೆ ನೆರವಾಗುತ್ತವೆ ಎಂಬುದನ್ನು 1964ರಲ್ಲಿ ಹ್ಯಾಮಿಲ್ಟನ್ ಗಣಿತದ ಮೂಲಕ ತೋರಿಸಿದರು. ಸಂಬಂಧಿಗಳಲ್ಲದವರ ನಡುವಿನ ಸಹಕಾರದ ವಿಕಾಸವನ್ನು 1971ರಲ್ಲಿ ಟ್ರಿವರ್ಸ್ ವಿವರಿಸಿದರು. ಪದೇ ಪದೇ ಭೇಟಿಯಾಗುವ, ಪರಸ್ಪರ ಮುಖ ಬಲ್ಲ, ವಂಚಿಸಿದವನನ್ನು ನೆನಪಿಡಬಲ್ಲ ಜೀವಿಗಳಲ್ಲಿ ಉಪಕಾರಕ್ಕೆ ಪ್ರತ್ಯುಪಕಾರವೆಂಬ ಗುಣ ಉಳಿದು ಬೆಳೆಯಬಲ್ಲದು. ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಚಿಕ್ಕ ಗುಂಪುಗಳಲ್ಲಿ ಬಾಳಿದ ನಮ್ಮ ಪೂರ್ವಜರ ಬದುಕು ಹಾಗೆಯೇ ಇತ್ತು. ನಾಳೆಯೂ ಅದೇ ಬಾಗಿಲಿಗೆ ಬರಬೇಕಾದ ಸಂಗ್ರಾಹಕನೂ ಅಂಥದೇ ಕಟ್ಟಿಗೆ ಒಳಪಟ್ಟವನು. ಒಂದು ಮನೆಗೆ ಮೋಸ ಮಾಡಿದರೆ ಇಡೀ ಕೇರಿಗೆ ತಿಳಿಯುತ್ತಿತ್ತು. ಸಿದ್ಧಾಂತ ರೂಪುಗೊಳ್ಳುವ ಮೊದಲೇ ಪೈಯವರ ಯೋಜನೆ ಅದನ್ನು ಬಳಕೆಗೆ ತಂದಿತ್ತು.

ಸಹಕಾರದ ಈ ಗುಣಕ್ಕೆ ಇನ್ನೊಂದು ಮುಖವೂ ಇದೆ. ಅದು ನಮ್ಮವರು, ಹೊರಗಿನವರು ಎಂಬ ಗೆರೆಯನ್ನೂ ಎಳೆಯುತ್ತದೆ. ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಸರ್ಕಾರದ ಹಣಕ್ಕೆ ಕಾಯದೆ ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆದ ಆ ಮಾದರಿ ಸಾವಿರಾರು ವೈದ್ಯರನ್ನು ಕೊಟ್ಟಿತು. ಆದರೆ ಶುಲ್ಕ ತೆರಲಾಗದವರು ಬಾಗಿಲ ಹೊರಗೇ ಉಳಿದರು ಎಂಬುದನ್ನೂ ಮರೆಯಲಾಗದು. ಎರಡಾಣೆಯವರನ್ನು ಒಳಗೊಂಡ ಹಿರಿಯರ ಸಾಧನೆಯನ್ನು ಈ ಅಳತೆಗೋಲಿನಿಂದಲೂ ಅಳೆಯುವುದು ಅವರಿಗೆ ಸಲ್ಲಿಸುವ ಗೌರವವೇ.

ಸಿಂಡಿಕೇಟ್ ಎಂದು ಹೆಸರಾದ ಅವರ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣಗೊಂಡಿತು. ಪೈಯವರು 1979ರಲ್ಲಿ ತೀರಿಕೊಂಡರು. 2020ರಲ್ಲಿ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ನಾನು ಕಾರ್ಕಳದಲ್ಲಿ ಸೇವೆಯಲ್ಲಿದ್ದಾಗ ಸ್ವಸಹಾಯ ಗುಂಪುಗಳ ಮಹಿಳೆಯರನ್ನು ಹತ್ತಿರದಿಂದ ನೋಡಿದ್ದೇನೆ. ಯಾವ ನೋಟೀಸೂ ಇಲ್ಲದೆ ಅವರು ಕಂತು ಕಟ್ಟುತ್ತಿದ್ದುದು ವಾರಕ್ಕೊಮ್ಮೆ ಎದುರು ಕೂರುವ ನೆರೆಯವರ ಮುಖ ನೋಡಿ. ಇಂದು ಮೊಬೈಲಿನಲ್ಲಿ ಸಾಲ ಕೊಡುವವನಿಗೆ ಮುಖವಿಲ್ಲ, ವಂಚಿಸುವವನಿಗೂ ಇಲ್ಲ. ನಮ್ಮ ಮನಸ್ಸು ಮಾತ್ರ ಪರಿಚಿತ ಮುಖ ಕಂಡು ನಂಬಲು ಕಲಿತ ಹಳೆಯ ಮನಸ್ಸೇ. ತಂತ್ರಜ್ಞಾನವನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ ಬಡವರ ಉಳಿತಾಯಕ್ಕೆ ನೀತಿ ರೂಪಿಸುವವರು ಅವರ ಬಾಗಿಲಿಗೆ ನಾಳೆಯೂ ಬರುವ ಒಬ್ಬ ಮನುಷ್ಯನಿಗೆ ಜಾಗ ಇಡಬೇಕು. ಅಮ್ಮ ನಂಬಿದ್ದು ಬ್ಯಾಂಕನ್ನಲ್ಲ, ಮರುದಿನ ಸಂಜೆಯೂ ಬರುವ ಆ ಮನುಷ್ಯನನ್ನು.