ಕಲಬುರಗಿಯ ಖರ್ಗೆ ಸಾಹೇಬರು

ಮಕ್ಕಳೇ, ಬರ್ನಿ ಸ್ಯಾಂಡರ್ಸ್ ಯಾರು ಅಂದರೆ ನೀವು ಥಟ್ಟನೆ ಹೇಳುತ್ತೀರಿ. ದುಡಿಯುವವರ ಪರವಾಗಿ ಅಮೆರಿಕದ ಸಂಸತ್ತಿನಲ್ಲಿ ದಶಕಗಳಿಂದ ದನಿ ಎತ್ತುತ್ತಿರುವ ಅಜ್ಜ. ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಬ್ಬ ಅಜ್ಜ ನಮ್ಮ ಕಲಬುರಗಿಯವರು: ಮಲ್ಲಿಕಾರ್ಜುನ ಖರ್ಗೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ಮನೆಗಳ ಮಕ್ಕಳಿಗೂ ಈ ಹೆಸರು ಹೊಸದು ಎಂದು ತಿಳಿದು ನನಗೆ ಸಂಕಟವಾಯಿತು.

ಖರ್ಗೆಯವರು ಹುಟ್ಟಿದ್ದು 1942ರಲ್ಲಿ, ಬೀದರ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಆಗ ಅದು ಹೈದರಾಬಾದ್ ನಿಜಾಮನ ರಾಜ್ಯ. ನಿಜಾಮನ ಪರ ಹೋರಾಡುತ್ತಿದ್ದ ರಜಾಕಾರರು ಮನೆಗೆ ಬೆಂಕಿ ಇಟ್ಟಾಗ ತಾಯಿ, ಸೋದರಿ ಇಬ್ಬರೂ ತೀರಿಕೊಂಡರು. ಉಳಿದ ಎಳೆಯ ಮಗನನ್ನು ಕರೆದುಕೊಂಡು ತಂದೆ ಮಾಪಣ್ಣ ಕಲಬುರಗಿಗೆ ಬಂದು ಎಂ.ಎಸ್.ಕೆ. ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದರು. ಹುಡುಗ ನೂತನ ವಿದ್ಯಾಲಯದಲ್ಲಿ ಓದಿದ, ವಕೀಲನಾದ, ಅದೇ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆ ಕೊಡುವವನಾದ. 1972ರಲ್ಲಿ ಗುರಮಿಟಕಲ್ಲಿನಿಂದ ಶಾಸಕ. ಅದನ್ನೂ ಸೇರಿಸಿ ಸಾಲಾಗಿ 11 ಚುನಾವಣೆ ಗೆದ್ದರು. ಉಳುವವರಿಗೆ ಭೂಮಿ ಕೊಡಿಸುವ ಕೆಲಸ, ಶಿಕ್ಷಣ, ಕಾರ್ಮಿಕ ಖಾತೆ, ರೈಲ್ವೆ ಎಲ್ಲವನ್ನೂ ನೋಡಿಕೊಂಡರು. ನಮ್ಮ ನರೋಣಾದ ಚಹಾದಂಗಡಿಯಲ್ಲಿ ಹಿರಿಯರು ಅವರನ್ನೂ ಜೇವರ್ಗಿಯ ನಾಯಕ ಧರಂಸಿಂಗ್ ಅವರನ್ನೂ ಲವ-ಕುಶ ಎನ್ನುತ್ತಿದ್ದರು.

ಆದರೆ ನಾನು ಹೇಳಬೇಕಾದ್ದು ಸಂವಿಧಾನದ 371(ಜೆ) ಕಲಂ ಕುರಿತು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ನಾವು ಕನ್ನಡನಾಡಿಗೆ ಸೇರಿದೆವು. ಅದೇ ರಾಜ್ಯದಲ್ಲಿದ್ದ ಮರಾಠವಾಡಕ್ಕೂ ತೆಲಂಗಾಣಕ್ಕೂ ಸಂವಿಧಾನದಲ್ಲಿ ವಿಶೇಷ ಕಲಂ ಸಿಕ್ಕಿತು, ನಮಗೆ ಸಿಗಲಿಲ್ಲ. ಅದಕ್ಕಾಗಿ ನಮ್ಮ ಭಾಗದ ನಾಯಕ ವೈಜನಾಥ ಪಾಟೀಲರಂಥವರು ಬೀದಿಗಿಳಿದು ಹೋರಾಡಿದರು. ದೆಹಲಿ ಒಮ್ಮೆ ಆಗದು ಎಂದುಬಿಟ್ಟಿತು. ಖರ್ಗೆಯವರು ಕೇಂದ್ರ ಮಂತ್ರಿಯಾದಾಗ ಪಟ್ಟು ಬಿಡದೆ ಹಿಂದೆ ಬಿದ್ದು, 98ನೇ ತಿದ್ದುಪಡಿಯಾಗಿ ಅದನ್ನು ತಂದೇ ತಂದರು. ಈಗ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ನಮ್ಮ ಮಕ್ಕಳಿಗೆ, ಹೊರಗಿನ ಜಿಲ್ಲೆಗಳಲ್ಲೂ ಶೇ. 8. ಇಲ್ಲಿನ ಸರ್ಕಾರಿ ನೌಕರಿಯಲ್ಲಿ ದರ್ಜೆಗೆ ತಕ್ಕಂತೆ ಶೇ. 75ರಿಂದ 85.

ಅಂಕಿ ಬೇಸರವೇ? ಹಾಗಾದರೆ ಇದನ್ನು ಕೇಳಿ. ನನ್ನ ಅಣ್ಣನ ಮಗಳು ಶಾಲೆಯ ದಾಖಲೆ, ಹೊಲದ ಪಹಣಿ, ರೇಷನ್ ಕಾರ್ಡ್ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅವ್ವನ ಜೊತೆ ಕಚೇರಿಗೆ ಅಲೆದಳು. ಕೊನೆಗೆ ಸಹಾಯಕ ಆಯುಕ್ತರ ಸಹಿ ಬಿದ್ದ ಒಂದು ಹಾಳೆ, 371(ಜೆ) ಪ್ರಮಾಣಪತ್ರ, ಕೈಗೆ ಬಂತು. ಆ ಹಾಳೆಯಿಂದಲೇ ಮೆಡಿಕಲ್ ಸೀಟು. ನಮ್ಮ ಓಣಿಯಲ್ಲಿ ಅವಳೇ ಮೊದಲ ಡಾಕ್ಟರು.

2019ರಲ್ಲಿ ಖರ್ಗೆಯವರು ಮೊದಲ ಸಲ ಸೋತರು. 2022ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರಾದರು. ಪಕ್ಷದ ಮಾತು ಬಿಡಿ, ಅದು ಅವರವರ ಮನೆಯ ವಿಚಾರ.

ತಾಯ್ತಂದೆಯರೇ, ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಸಂಸತ್ತಿನಲ್ಲಿ ಹಿಂದಿಯಲ್ಲಿ ಗುಡುಗಿ ನಡುವೆ ಉರ್ದು ಶೇರ್ ಹೇಳುವ ಖರ್ಗೆಯವರು ಊರಿಗೆ ಬಂದರೆ ನಮ್ಮದೇ ಕಲಬುರಗಿ ಕನ್ನಡದಲ್ಲಿ ಮಾತಾಡುತ್ತಾರೆ. ಆ ಭಾಷಣಗಳು ಯೂಟ್ಯೂಬಿನಲ್ಲಿವೆ. ಊಟದ ಹೊತ್ತಿಗೆ ಒಂದನ್ನು ಹಚ್ಚಿರಿ. ಅರ್ಥವಾಗದ ಕಡೆ ನಿಲ್ಲಿಸಿ, ಮಕ್ಕಳಿಗೆ ಬಿಡಿಸಿ ಹೇಳಿರಿ.