ಕಾನೂನಿಗೂ ಮೊದಲು ಕಾಗೋಡು

ಭೂಸುಧಾರಣೆ ಎಂದೊಡನೆ ನಾಡು ನೆನೆಯುವುದು ದೇವರಾಜ ಅರಸು ಅವರನ್ನು. ಅದು ಸಹಜ, ನ್ಯಾಯವೂ ಹೌದು. ಆದರೆ ಆ ಕಾನೂನಿಗೆ ಎರಡು ದಶಕ ಮೊದಲೇ ನೆಲ ಹದಗೊಳಿಸಿದವರಲ್ಲಿ ಶಾಂತವೇರಿ ಗೋಪಾಲಗೌಡರು ಪ್ರಮುಖರು.

1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದ ಗೌಡರು ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಸೆರೆವಾಸ ಅನುಭವಿಸಿದರು. ಸ್ವಾತಂತ್ರ್ಯಾನಂತರ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಮನಸೋತು ಸಮಾಜವಾದಿ ಪಕ್ಷವನ್ನು ಮಲೆನಾಡಿನಲ್ಲಿ ಕಟ್ಟಿದರು.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ತಕರಾರಿನ ಮೂಲ. ದೀವರ ರೈತರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಆ ಹೋರಾಟವನ್ನು ರಾಜ್ಯದ ಪ್ರಶ್ನೆಯಾಗಿಸಿದವರು ಗೌಡರು ಮತ್ತು ಅವರ ಸಂಗಾತಿಗಳು. ಜೂನ್‌ನಲ್ಲಿ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಕೊಳಗದ ಜಗಳ ಒಡೆತನದ ಹಕ್ಕೊತ್ತಾಯವಾಗಿ ಬೆಳೆಯಿತು.

ಇದರಲ್ಲಿ ರಾಜಕೀಯ ಲೆಕ್ಕಾಚಾರ ಇರಲಿಲ್ಲವೇ? ಇತ್ತು. ವಯಸ್ಕ ಮತದಾನದ ಮೊದಲ ಚುನಾವಣೆ ಸಮೀಪಿಸಿತ್ತು. ಎಳೆಯ ಪಕ್ಷಕ್ಕೆ ನೆಲೆ ಬೇಕಿತ್ತು. 1952ರಲ್ಲಿ ಗೌಡರು ಸಾಗರ-ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಬದರಿನಾರಾಯಣ ಅವರನ್ನು ಮಣಿಸಿ ವಿಧಾನಸಭೆ ಪ್ರವೇಶಿಸಿದರು. ಒಡೆಯನೆದುರು ತಲೆ ತಗ್ಗಿಸಿ ನಿಲ್ಲುತ್ತಿದ್ದ ಗೇಣಿದಾರ ತನ್ನ ಮತದ ಬೆಲೆ ಅರಿತದ್ದು ಆ ಗೆಲುವಿನ ನಿಜವಾದ ಅರ್ಥ. 1957ರಲ್ಲಿ ಸೋತ ಗೌಡರು 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಆಯ್ಕೆಯಾದರು. ಎಂದೂ ಮಂತ್ರಿಯಾಗಲಿಲ್ಲ, ಸದನದಲ್ಲಿ ವಿರೋಧಪಕ್ಷದ ದನಿಯಾಗಿಯೇ ಉಳಿದರು.

1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಸ್ವಂತ ಸಾಗುವಳಿಯ ನೆಪದಲ್ಲಿ ಜಮೀನು ಮರಳಿ ಪಡೆಯಲು ಅದು ಒಡೆಯರಿಗೆ ಅವಕಾಶ ಉಳಿಸಿತ್ತು. ಆ ಕಿಂಡಿ ಮುಚ್ಚಿದ್ದು ಅರಸು ಅವರ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರ ಅರ್ಜಿಗಳನ್ನು ಭೂನ್ಯಾಯಮಂಡಳಿಗಳು ಇತ್ಯರ್ಥಪಡಿಸಿದವು. 1969ರ ಕಾಂಗ್ರೆಸ್ ವಿಭಜನೆಯ ನಂತರ ಪ್ರಬಲ ಕೋಮುಗಳ ಆಚೆಗೆ ಬೆಂಬಲ ಅರಸಬೇಕಾದ ಅನಿವಾರ್ಯ ಅರಸು ಅವರಿಗಿತ್ತು. ಉದ್ದೇಶ ರಾಜಕೀಯವೆಂದು ಆ ಕಾರ್ಯ ಕಿರಿದಾಗುವುದಿಲ್ಲ. ಆದರೆ ಗೇಣಿದಾರರನ್ನು ಎಣಿಕೆಗೆ ತಕ್ಕ ಶಕ್ತಿಯನ್ನಾಗಿ ರೂಪಿಸಿದ್ದು ಕಾಗೋಡಿನಂಥ ಹೋರಾಟಗಳು. ಆ ಫಲವನ್ನು ಗೌಡರು ಕಾಣಲಿಲ್ಲ. 1972ರ ಜೂನ್ 9ರಂದು, 49ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಗೇಣಿದಾರನಿಗೆ ದಕ್ಕಿದ ಒಡೆತನ ಭೂಹೀನ ಕೂಲಿಕಾರನಿಗೆ ಅದೇ ಪ್ರಮಾಣದಲ್ಲಿ ದಕ್ಕಲಿಲ್ಲ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಕೆಳಗಿನ ಒತ್ತಡ ಸಡಿಲಗೊಂಡಾಗ ಮೇಲಿನವರ ಲೆಕ್ಕಾಚಾರವೂ ದಿಕ್ಕು ಬದಲಿಸುತ್ತದೆ. ಸುಧಾರಣೆಯನ್ನು ಆಳುವವರ ಔದಾರ್ಯಕ್ಕೆ ಒಪ್ಪಿಸಿ ಸುಮ್ಮನಾಗುವ ಸಮಾಜಕ್ಕೆ ಗೋಪಾಲಗೌಡರ ಬದುಕು ಕೊಡುವ ಎಚ್ಚರಿಕೆ ಇದೇ.